ಚಿಟಿಕೆಗೆ ನಕ್ಕ ಮಗು

ನಮ್ಮ ಭಾಷೆಯಲ್ಲಿ 'ಆಟ' ಎಂಬುದು ಬಹು ಉದಾರವಾದ ಶಬ್ದ. ಮಗು ಅಂಗಳದಲ್ಲಿ ಕುಂಟೆಬಿಲ್ಲೆ ಹಾರಿದರೂ ಆಟ; ಬಯಲಿನಲ್ಲಿ ಬೆಳಗಿನವರೆಗೆ ವೇಷಗಳು ಕುಣಿದರೂ ಆಟ; ಚಿತ್ರಮಂದಿರದ ಬಾಗಿಲಲ್ಲಿ ನಿಂತವನು ವಿಚಾರಿಸುವುದೂ ಎರಡನೆಯ ಆಟದ ವೇಳೆಯನ್ನೇ. ಈ ಅರ್ಥಗಳೆಲ್ಲ ಒಂದೇ ಬೇರಿನಿಂದ ಒಡೆದ ಕವಲುಗಳೆಂದು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳುವಾಗ ನನಗಿದ್ದ ನೆಮ್ಮದಿಗೆ ಈಚೆಗೊಂದು ಪೆಟ್ಟು ಬಿತ್ತು.

ನಮ್ಮ ವಿದ್ಯಾರ್ಥಿಗಳು ಒಂದು ಸಂಜೆ ಅಮೆರಿಕದ ಹಳೆಯ ಮೂಕಚಿತ್ರವೊಂದನ್ನು ತೋರಿಸಿದರು. 1923ರ 'ಕಾರ್ಮೆನ್ ಜೂನಿಯರ್' ಎಂಬ ಕಿರುಪ್ರಹಸನ ಅದು. ಬೇಬಿ ಪೆಗ್ಗಿ ಎಂಬ, ಐದು ವರ್ಷ ತುಂಬದ ಹುಡುಗಿ ಅದರ ನಾಯಿಕೆ. ಗುಂಡು ಮುಖ, ಹಣೆಯ ಮೇಲೆ ಕತ್ತರಿಸಿಬಿಟ್ಟ ಕಪ್ಪು ಕೂದಲು. ದೊಡ್ಡವರ ಬೆಡಗು ಬಿಂಕಗಳನ್ನು ಆ ಪುಟ್ಟ ದೇಹ ಅಣಕಿಸುತ್ತಿದ್ದರೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೀಪ ಹತ್ತಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ಆ ಮಗುವಿಗೂ ಇದು ಆಟವಾಗಿತ್ತೇ?"

ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ದಿನಗಳ ಮೇಲೆ ಅದು ದೊರೆತದ್ದು, ಆ ಮಗುವೇ ಬೆಳೆದು ಬರೆದ ಪುಸ್ತಕಗಳ ಮೂಲಕ.

ಆಕೆಯ ಹುಟ್ಟುಹೆಸರು ಪೆಗ್ಗಿ-ಜೀನ್ ಮಾಂಟ್ಗೋಮರಿ, ಜನನ 1918. ತಂದೆ ಕುದುರೆ ಸವಾರ. ದನ ಕಾಯುವ ವೃತ್ತಿಯಿಂದ ಬಂದು, ಹಾಲಿವುಡ್ಡಿನ ಸಾಹಸಚಿತ್ರಗಳಲ್ಲಿ ಖ್ಯಾತ ನಟರಿಗೆ ಬದಲಾಗಿ ಬೀಳುತ್ತ ಏಳುತ್ತ ಹೊಟ್ಟೆ ಹೊರೆಯುತ್ತಿದ್ದವನು. ಮಗುವಿಗೆ 19 ತಿಂಗಳಾಗಿದ್ದಾಗ ತಾಯಿ ಅದನ್ನೆತ್ತಿಕೊಂಡು ಸೆಂಚುರಿ ಎಂಬ ಸ್ಟುಡಿಯೋ ನೋಡಲು ಹೋದಳು. ಕುಳಿತುಕೋ ಎಂದಲ್ಲಿ ಅಲುಗದೆ ಕುಳಿತ ಮಗುವನ್ನು ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್ ಕಂಡ. ಅಲ್ಲಿ ಬ್ರೌನಿ ಎಂಬ ನಾಯಿಯ ಚಿತ್ರಗಳು ತಯಾರಾಗುತ್ತಿದ್ದವು. ನಾಯಿಗೆ ಜೊತೆಯಾಗಿ ಮಗುವೂ ಸೇರಿತು. ಮುಂದಿನ ನಾಲ್ಕಾರು ವರ್ಷಗಳಲ್ಲಿ ನೂರಕ್ಕೂ ಮೀರಿ ಕಿರುಚಿತ್ರಗಳು ಹೊರಬಂದವು. ವ್ಯಾಲೆಂಟಿನೊ, ಮೇರಿ ಪಿಕ್‌ಫರ್ಡ್, ಪೋಲಾ ನೇಗ್ರಿ ಮುಂತಾದ ಘಟಾನುಘಟಿಗಳನ್ನು ಈ ಪುಟಾಣಿ ಅಣಕಿಸುವುದನ್ನು ನೋಡಲು ಜನ ಮುಗಿಬಿದ್ದರು.

ತಂದೆ ಬೆರಳಿನಿಂದ ಚಿಟಿಕೆ ಹೊಡೆದರೆ ಮಗಳು ನಗುತ್ತಿದ್ದಳು, ಇನ್ನೊಂದು ಚಿಟಿಕೆಗೆ ಅಳುತ್ತಿದ್ದಳು, ಮತ್ತೊಂದಕ್ಕೆ ಬೆದರುತ್ತಿದ್ದಳು. ಅವಳಲ್ಲಿ ಪ್ರತಿಭೆಯೇನೂ ಇಲ್ಲ, ಹೇಳಿದಂತೆ ಕೇಳುವ ವಿಧೇಯತೆಯೇ ಗೆಲುವಿನ ಗುಟ್ಟು ಎಂಬುದು ಅವನ ನಂಬಿಕೆಯಾಗಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ದುಡಿತ. ಶಾಲೆಯ ಮಾತೇ ಇರಲಿಲ್ಲ. ಒಮ್ಮೆ ಸಮುದ್ರದ ನೀರಿನಲ್ಲಿ ಮೂರ್ಛೆ ತಪ್ಪುವವರೆಗೆ ಅದುಮಿ ಹಿಡಿದಿದ್ದರು. ಇನ್ನೊಮ್ಮೆ ಉರಿಯುವ ಕೋಣೆಯಿಂದ ಅವಳೊಬ್ಬಳೇ ಪಾರಾಗಿ ಬರಬೇಕಾಯಿತು. ತೆರೆಯ ಮೇಲೆ ಇವು ಕೆಲವು ನಿಮಿಷಗಳ ವಿನೋದ.

ಎಲ್ಲ ಮಕ್ಕಳ ಪಾಡೂ ಹೀಗೆಯೇ ಇತ್ತೆಂದರೆ ಅನ್ಯಾಯವಾದೀತು. 1922ರಲ್ಲಿ ಹ್ಯಾಲ್ ರೋಚ್ ಎಂಬ ನಿರ್ಮಾಪಕ 'ಅವರ್ ಗ್ಯಾಂಗ್' ಎಂಬ ಮಾಲೆಯನ್ನು ಆರಂಭಿಸಿದ. ಅಲಂಕರಿಸಿ ತಂದ ಬಾಲನಟಿಯೊಬ್ಬಳ ಕಲಿತ ಅಭಿನಯದಿಂದ ಬೇಸತ್ತು ಕಿಟಕಿಯಾಚೆ ನೋಡಿದಾಗ, ಬೀದಿಯ ಮಕ್ಕಳು ಮರದ ತುಂಡುಗಳಿಗಾಗಿ ಜಗಳವಾಡುತ್ತಿದ್ದರಂತೆ. ಕಾಲು ಗಂಟೆ ಅದನ್ನೇ ನೋಡುತ್ತ ಮೈಮರೆತನೆಂದು ಅವನೇ ಹೇಳಿಕೊಂಡಿದ್ದಾನೆ. ಅವನ ನಿರ್ದೇಶಕ ರಾಬರ್ಟ್ ಮೆಕ್‌ಗೋವನ್ ಮಕ್ಕಳಿಗೆ ಸನ್ನಿವೇಶವನ್ನು ಆಗಿಂದಾಗ ವಿವರಿಸಿ, ತಮಗೆ ತೋಚಿದಂತೆ ಆಡಲು ಬಿಡುತ್ತಿದ್ದ. ಬಿಳಿಯರೂ ಕರಿಯರೂ ದೂರದೂರ ಬಾಳಬೇಕಾಗಿದ್ದ ಆ ದೇಶದಲ್ಲಿ ಎರಡು ಬಣ್ಣದ ಮಕ್ಕಳೂ ಅಲ್ಲಿ ಒಂದೇ ಗುಂಪಾಗಿ ಆಡಿದರು. ಕರಿಯ ಮಕ್ಕಳನ್ನು ಕುರಿತ ಹಗುರ ಹಾಸ್ಯವೂ ಅದರೊಳಗೆ ಬೆರೆತಿತ್ತೆಂಬುದನ್ನು ಮರೆಯಲಾಗದು. 1944ರವರೆಗೆ ಒಟ್ಟು 220 ಕಿರುಚಿತ್ರಗಳಾದವು. 1955ರಿಂದ ಅವು ದೂರದರ್ಶನದಲ್ಲಿ ಮತ್ತೆ ಮತ್ತೆ ಪ್ರದರ್ಶಿತವಾದಾಗ, ಅಷ್ಟರಲ್ಲಿ ಬೆಳೆದು ದೊಡ್ಡವರಾಗಿದ್ದ ಆ ಮಕ್ಕಳಿಗೆ ಒಂದು ಕಾಸೂ ಸಲ್ಲಲಿಲ್ಲ.

ಹಣದ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ದವನು ಜಾಕಿ ಕೂಗನ್. 1921ರ 'ದಿ ಕಿಡ್' ಚಿತ್ರದಲ್ಲಿ ಚಾಪ್ಲಿನ್ನನ ಜೊತೆ ನಟಿಸಿ ಲೋಕವನ್ನೇ ಅಳಿಸಿದ, ನಗಿಸಿದ ಹುಡುಗ. ಪ್ರಾಪ್ತವಯಸ್ಕನಾದಾಗ, ತಾನು ಗಳಿಸಿದ ಲಕ್ಷಾಂತರ ಡಾಲರುಗಳ ಬಹುಪಾಲು ಕರಗಿಹೋಗಿರುವುದು ಅವನಿಗೆ ತಿಳಿಯಿತು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಕೈಗೆ ಬಂದದ್ದು ಅಳಿದುಳಿದ ಚೂರು. ಆದರೆ ಆ ವ್ಯಾಜ್ಯದ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಾಲನಟರ ಗಳಿಕೆಯ ಒಂದು ಪಾಲನ್ನು ಅವರಿಗಾಗಿಯೇ ಕಾದಿಡುವ ಶಾಸನವನ್ನು ಮಾಡಿತು. ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧ.

ಪೆಗ್ಗಿಗೆ ಆ ಶಾಸನ ತಡವಾಗಿ ಬಂತು. 1925ರಲ್ಲಿ ತಂದೆಗೂ ನಿರ್ಮಾಪಕನಿಗೂ ಜಗಳವಾಗಿ ಅವಳ ಚಿತ್ರಜೀವನ ಮುರಿದುಬಿತ್ತು. ಆಗ ಅವಳಿಗಿನ್ನೂ ಏಳು ವರ್ಷ ತುಂಬಿರಲಿಲ್ಲ. 1926ರಲ್ಲಿ ಸೆಂಚುರಿ ಸ್ಟುಡಿಯೋ ಬೆಂಕಿಗೆ ಸಿಕ್ಕಿ ಅವಳ ಚಿತ್ರಗಳಲ್ಲಿ ಹೆಚ್ಚಿನವು ಬೂದಿಯಾದವು. ಬಳಿಕ ಊರೂರು ಅಲೆದು ರಂಗಪ್ರದರ್ಶನ. ಗಳಿಸಿದ್ದೆಲ್ಲ ಖರ್ಚಾಗಿ, ಹದಿಹರೆಯದಲ್ಲಿ ಅದೇ ಹಾಲಿವುಡ್ಡಿಗೆ ಮರಳಿ ಗುಂಪಿನ ದೃಶ್ಯಗಳಲ್ಲಿ ಹೆಸರಿಲ್ಲದೆ ನಿಲ್ಲಬೇಕಾಯಿತು.

ಆಕೆ ಮುಂದೆ ಡಯಾನಾ ಸೆರಾ ಕ್ಯಾರಿ ಎಂದು ಹೆಸರು ಬದಲಿಸಿಕೊಂಡರು. ಬೇಬಿ ಪೆಗ್ಗಿಯ ನೆರಳಿನಿಂದ ದೂರ ನಿಲ್ಲಲು ಬಹುಕಾಲ ಹೆಣಗಿದರು. ಕೊನೆಗೆ ಲೇಖನಿ ಹಿಡಿದು, ತಮ್ಮಂತೆ ದುಡಿದ ಹಾಲಿವುಡ್ಡಿನ ಮಕ್ಕಳ ಚರಿತ್ರೆಯನ್ನೇ ಬರೆದರು. 1996ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಉಳಿದ ಕೆಲವೇ ಚಿತ್ರಗಳ ಪ್ರದರ್ಶನಕ್ಕೆ ವೃದ್ಧಾಪ್ಯದಲ್ಲಿ ತಾವೇ ಅತಿಥಿಯಾಗಿ ಹೋಗಿ, ಆ ಮಗುವಿನೊಡನೆ ರಾಜಿಯಾದರು. 2020ರ ಫೆಬ್ರುವರಿಯಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮರುವಾರ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ಉತ್ತರ ಹೇಳಿದೆ. ವ್ಯಾಕರಣದ ಉತ್ತರವೇ ಅದು. 'ಆಡು' ಎಂಬುದು ಬೇರೆ, 'ಆಡಿಸು' ಎಂಬುದು ಬೇರೆ. ಪ್ರೇರಣಾರ್ಥಕದ ಒಂದು ಪ್ರತ್ಯಯ ಮಗುವಿನ ಆಟವನ್ನು ದುಡಿಮೆಯಾಗಿ ಮಾರ್ಪಡಿಸಬಲ್ಲದು. ತಂದೆಯನ್ನು ರಾಕ್ಷಸನೆಂದು ಕರೆಯಲು ನನಗೆ ಮನಸ್ಸಿಲ್ಲ. ಮಗುವಿಗೆ ಏಟು ಬೀಳದಂತೆಯೇ ಅದರ ನಗು ಮಾತ್ರ ತನ್ನಂತೆ ಹುಟ್ಟುತ್ತದೆಂದು ನಂಬಿ ಟಿಕೆಟ್ಟು ಕೊಂಡವರು ನಾವೂ ತಾನೆ?

'ಆಡು' ಧಾತುವಿಗೆ 'ನುಡಿ' ಎಂಬ ಅರ್ಥವೂ ಉಂಟೆಂದು ಅದೇ ಪಾಠದಲ್ಲಿ ಹೇಳಿದೆ. ಮೂಕಚಿತ್ರದಲ್ಲಿ ಆಡಿಸಿದಂತೆ ಆಡಿದ ಆ ಮಗು ತನ್ನ ಮಾತನ್ನು ತಾನೇ ಆಡುವುದಕ್ಕೆ ಅರ್ಧ ಶತಮಾನ ಕಾಯಬೇಕಾಯಿತು.