ಒಂದು ಶಿಲಿಂಗ್‌ನ ಓದುಗ

ಹೋದ ವರ್ಷ ಮೊಮ್ಮಗಳ ಹುಟ್ಟುಹಬ್ಬಕ್ಕೆ ಏಳು ಪುಸ್ತಕಗಳ ಒಂದು ಪೆಟ್ಟಿಗೆ ತಂದುಕೊಟ್ಟೆ. ಸಿ. ಎಸ್. ಲೂಯಿಸ್ ಎಂಬ ಇಂಗ್ಲೆಂಡಿನ ಮೇಷ್ಟ್ರು ಬರೆದ ನಾರ್ನಿಯಾ ಕಥೆಗಳು. ಮಾತಾಡುವ ಸಿಂಹ, ಬೀರುವಿನೊಳಗಿಂದ ಇನ್ನೊಂದು ಲೋಕಕ್ಕೆ ದಾರಿ, ಹಿಮ, ಮಾಟಗಾತಿ ಎಲ್ಲವೂ ಇವೆ ಎಂದು ಅಂಗಡಿಯವರು ಹೇಳಿದ್ದರು. ಅವಳು "ಥ್ಯಾಂಕ್ಸ್ ತಾತ" ಎಂದು ಹೇಳಿ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟಳು. ಅಷ್ಟೇ. ನವರಾತ್ರಿ ಬಂದಾಗ ಸರಸ್ವತಿ ಪೂಜೆಗೆಂದು ನಾನೇ ಅದರ ಧೂಳು ಒರೆಸಿ, ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಕುಂಕುಮ ಇಟ್ಟೆ. ಆ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ಸಂಜೆ ನೋಡುತ್ತೇನೆ, ಮಹಡಿ ಮೆಟ್ಟಿಲ ಮೇಲೆ ಕೂತು ಏನನ್ನೋ ಓದುತ್ತಿದ್ದಾಳೆ. ಕಾಫಿ ಕುಡಿಯಲು ಕರೆದರೆ ಕೇಳಿಸುತ್ತಿಲ್ಲ. ಹತ್ತಿರ ಹೋದೆ. ರಟ್ಟು ಕಿತ್ತುಹೋದ ಪುಸ್ತಕ, ಮೇಲೆ ಕಂದು ಕಾಗದದ ಹೊದಿಕೆ, ಒಳಗೆ ಯಾರೋ ಪೆನ್ಸಿಲಿನಲ್ಲಿ ಬರೆದ ಹಡಗಿನ ಚಿತ್ರ. ಮಗುಚಿ ನೋಡಿದರೆ ಅದೇ ನಾರ್ನಿಯಾ! ಪೆಟ್ಟಿಗೆಯಲ್ಲಿರುವ ಐದನೆಯ ಪುಸ್ತಕ.

"ಪುಟ್ಟಿ, ಇದು ನಮ್ಮನೇಲೇ ಇದೆಯಲ್ಲೇ, ಹೊಸದು!"

"ಗೊತ್ತು ತಾತ. ಆದ್ರೆ ಇದನ್ನ ನನ್ನ ಫ್ರೆಂಡು ಓದಿದಾಳೆ."

ನನಗೆ ತುಸು ಬೇಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಬೇಸರ ಪುಸ್ತಕದ್ದಲ್ಲ. ಆರು ವರ್ಷದವರೆಗೆ ಈ ಮಗು ನನ್ನ ಪಕ್ಕದಲ್ಲಿ ಮಲಗಿ ದಿನಕ್ಕೊಂದು ಕಥೆ ಕೇಳುತ್ತಿತ್ತು. ಆಮೇಲೆ ಶಾಲೆ, ಹೋಂವರ್ಕು, ಇಂಗ್ಲಿಷು. ಕಥೆ ಹೇಳು ಎನ್ನುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ. ಈಗ "ಊಟ ಆಯ್ತಾ", "ಪರೀಕ್ಷೆ ಯಾವಾಗ" ಬಿಟ್ಟರೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಆ ಪೆಟ್ಟಿಗೆ ಆ ಮಾತನ್ನು ಮತ್ತೆ ತಂದುಕೊಡುತ್ತದೆ ಎಂದು ಎಣಿಸಿದ್ದೆ.

ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ಒಂದು ವಿಷಯ ನೆನಪಾಯಿತು. ನನಗಾದರೂ 'ಚಂದಮಾಮ'ವನ್ನು ಯಾರು ಕೊಟ್ಟಿದ್ದರು? ಅಪ್ಪ ಕೊಟ್ಟದ್ದು ವ್ಯಾಕರಣದ ಪುಸ್ತಕ. 'ಚಂದಮಾಮ' ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ, ಬೆಂಚಿನ ಮೇಲೆ, ಮೊದಲ ಮೂರು ಹಾಳೆ ಹರಿದುಹೋಗಿ. ಅದರಲ್ಲಿದ್ದ ಧಾರಾವಾಹಿಯ ಯಾವುದೋ ನಡುವಿನ ಕಂತು ಓದಿ, ಮುಂದಿನ ಕಂತಿಗಾಗಿ ಕೂದಲು ಬೆಳೆಯುವ ಮೊದಲೇ ಕ್ಷೌರಕ್ಕೆ ಹೊರಟು ಅಮ್ಮನಿಂದ ಬೈಸಿಕೊಂಡಿದ್ದೆ. ಈ ಪುಟ ಓದುತ್ತಿರುವ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಇಂಥದೇ ಒಂದು ಬೆಂಚು ನೆನಪಿಗೆ ಬರಬಹುದು.

ಹಾಗಾದರೆ ಈ ದೊಡ್ಡ ದೊಡ್ಡ ಮಾಯಾಲೋಕದ ಕಥಾಸರಣಿಗಳು ತಮ್ಮ ಮೊಟ್ಟಮೊದಲ ಓದುಗರ ಕೈಗೆ ಹೇಗೆ ಬಂದವು? ಈ ಕುತೂಹಲ ಹತ್ತಿ ಹುಡುಕಿ ಓದುತ್ತಾ ಹೋದೆ. ಸಿಕ್ಕ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಬ್ಬ ಹತ್ತು ವರ್ಷದ ಹುಡುಗನದು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆ. ಆರ್. ಆರ್. ಟೋಲ್ಕಿನ್ ಎಂಬ ಪ್ರಾಧ್ಯಾಪಕರಿದ್ದರು. ಹಳೆಯ ಇಂಗ್ಲಿಷ್ ಭಾಷೆಯ ಪಂಡಿತರು. ಮನೆಯಲ್ಲಿ ನಾಲ್ಕು ಮಕ್ಕಳು, ಸಂಬಳ ಸಾಲದು. ಬೇಸಿಗೆಯಲ್ಲಿ ಶಾಲಾಮಕ್ಕಳ ಉತ್ತರಪತ್ರಿಕೆ ತಿದ್ದಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ನಾನೂ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು, ಆ ಕೆಲಸದ ಬೇಸರ ನನಗೆ ಚೆನ್ನಾಗಿ ಗೊತ್ತು. ಹಾಗೆ ತಿದ್ದುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದ. ಟೋಲ್ಕಿನ್ ಆ ಹಾಳೆಯ ಮೇಲೆ, ನೆಲದ ಬಿಲದಲ್ಲಿ ವಾಸಿಸುವ 'ಹಾಬಿಟ್' ಎಂಬ ಜೀವಿಯ ಬಗ್ಗೆ ಒಂದು ವಾಕ್ಯ ಗೀಚಿದರು. ಹಾಬಿಟ್ ಎಂದರೆ ಏನೆಂದು ಆಗ ಅವರಿಗೂ ತಿಳಿದಿರಲಿಲ್ಲವಂತೆ.

ಆ ವಾಕ್ಯ ಬೆಳೆದು ಕಥೆಯಾಯಿತು. ಕೇಳುಗರು ಮನೆಯ ಮಕ್ಕಳೇ. ಮೂರನೆಯವನಾದ ಕ್ರಿಸ್ಟೋಫರ್ ಬಹಳ ಚುರುಕು. ಹೋದ ಸಲ ಬಿಲ್ಬೊನ ಮನೆ ಬಾಗಿಲು ನೀಲಿ ಎಂದಿದ್ದಿರಿ, ಈಗ ಹಸಿರು ಎನ್ನುತ್ತೀರಲ್ಲ ಎಂದು ತಂದೆಯನ್ನು ತಡೆದು ನಿಲ್ಲಿಸುತ್ತಿದ್ದ. ತಂದೆ ಗೊಣಗುತ್ತಾ ಎದ್ದುಹೋಗಿ ಗುರುತು ಹಾಕಿಕೊಳ್ಳುತ್ತಿದ್ದರು. ಮುಂದೆ ಪುಸ್ತಕ ಅಚ್ಚಾದಾಗ, ಹುಡುಕಿಕೊಟ್ಟ ಒಂದೊಂದು ತಪ್ಪಿಗೆ ಎರಡು ಪೆನ್ನಿಯಂತೆ ಮಗನಿಗೆ ಬಹುಮಾನ ಇಟ್ಟರು.

ಕಥೆಯನ್ನು ಟೈಪ್ ಮಾಡಿದ್ದಾಯಿತು. ಆದರೆ ಪ್ರಕಾಶಕರಿಗೆ ಕಳಿಸುವ ಯೋಚನೆಯೇ ಟೋಲ್ಕಿನ್ನರಿಗೆ ಇದ್ದಂತಿಲ್ಲ. ಆ ಹಾಳೆಗಳ ಕಟ್ಟು ಬೇಕಾದವರ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದನ್ನು ಓದಿದ್ದ ಹಳೆಯ ವಿದ್ಯಾರ್ಥಿನಿ ಎಲೇನ್ ಗ್ರಿಫಿತ್ಸ್ ತಮ್ಮ ಗೆಳತಿ ಸೂಸನ್ ಡಾಗ್ನಲ್‌ಗೆ ವಿಷಯ ಹೇಳಿದರು. ಸೂಸನ್ ಲಂಡನ್ನಿನ 'ಜಾರ್ಜ್ ಆಲೆನ್ ಅಂಡ್ ಅನ್ವಿನ್' ಪ್ರಕಾಶನದಲ್ಲಿದ್ದವರು. ಅವರು ಟೋಲ್ಕಿನ್ನರಿಂದ ಹಸ್ತಪ್ರತಿ ಪಡೆದು ಓದಿ, ಮುಗಿಸಿಕೊಡಿ ಎಂದು ಒತ್ತಾಯಿಸಿದರು. 1936ರಲ್ಲಿ ಪೂರ್ಣ ಕಥೆ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ನರ ಮೇಜಿಗೆ ಬಂತು.

ಅನ್ವಿನ್ ಅದನ್ನು ಮನೆಗೆ ಒಯ್ದು ಕಿರಿಯ ಮಗ ರೇನರ್‌ಗೆ ಕೊಟ್ಟರು. ಮಕ್ಕಳ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಮಕ್ಕಳೇ ಎನ್ನುವುದು ಅವರ ಲೆಕ್ಕ. ಮಗ ಪುಕ್ಕಟೆ ಓದುವಂತಿಲ್ಲ, ಓದಿ ವರದಿ ಬರೆಯಬೇಕು. ಬರೆದರೆ ಒಂದು ಶಿಲಿಂಗ್ ಕೂಲಿ. ಅಂದಿನ ನಮ್ಮ ರೂಪಾಯಿಗೆ ಒಂದೂವರೆ ಶಿಲಿಂಗ್. ಅಂದರೆ ರೇನರ್‌ನ ಕೂಲಿ ಹತ್ತಾಣೆಗಿಂತ ತುಸು ಹೆಚ್ಚು. (ಹದಿನಾರಾಣೆಗೆ ಒಂದು ರೂಪಾಯಿ ಎಂಬುದನ್ನು ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರು ವಿವರಿಸಲಿ.)

ರೇನರ್ ಓದಿದ. ಬಿಲ್ಬೊ, ಮಾಂತ್ರಿಕ ಗ್ಯಾಂಡಾಲ್ಫ್, ಕುಳ್ಳರ ಗುಂಪು, ನಿಧಿ ಕಾಯುವ ಡ್ರಾಗನ್ ಎಲ್ಲರನ್ನೂ ಕೆಲವೇ ಸಾಲಿನಲ್ಲಿ ಹೇಳಿ ಮುಗಿಸಿದ. ಭೂಪಟಗಳಿರುವುದರಿಂದ ಚಿತ್ರ ಬೇಕಿಲ್ಲ ಎಂದ. ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಎಂದು ತೀರ್ಪು ಕೊಟ್ಟ. ತಾನು ಹತ್ತು ವರ್ಷದವನಲ್ಲವೇ, ಚಿಕ್ಕವರಿಗೆ ಸಾಕು ಎನ್ನುವ ಗತ್ತು! ಚಿತ್ರದ ವಿಷಯದಲ್ಲಿ ಮಾತ್ರ ಅವನ ಮಾತು ನಡೆಯಲಿಲ್ಲ. ಟೋಲ್ಕಿನ್ ತಾವೇ ಬರೆದ ಚಿತ್ರಗಳೊಂದಿಗೆ 'ದ ಹಾಬಿಟ್' 1937ರ ಸೆಪ್ಟೆಂಬರ್ 21ರಂದು ಹೊರಬಂತು. ಅಚ್ಚಾದ 1,500 ಪ್ರತಿಗಳು ಆ ಡಿಸೆಂಬರ್ ಹೊತ್ತಿಗೆ ಖರ್ಚಾಗಿದ್ದವು.

ಮುಂದಿನ ಕಥೆ ಕೊಡಿ ಎಂದರು ಪ್ರಕಾಶಕರು. ಟೋಲ್ಕಿನ್ ಅದೇ ಡಿಸೆಂಬರಿನಲ್ಲಿ ಶುರುಮಾಡಿ ಹನ್ನೆರಡು ವರ್ಷ ಬರೆದರು. ನಡುವೆ ಮಹಾಯುದ್ಧ. ತಪ್ಪು ಹಿಡಿಯುತ್ತಿದ್ದ ಕ್ರಿಸ್ಟೋಫರ್ ಈಗ ವಾಯುಪಡೆಗೆ ಸೇರಿ ತರಬೇತಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ. ತಂದೆ ಬರೆದ ಅಧ್ಯಾಯಗಳನ್ನು ಒಂದೊಂದಾಗಿ ಅಂಚೆಯಲ್ಲಿ ಕಳಿಸಿದರು. ನಮ್ಮ 'ಚಂದಮಾಮ'ದ ಧಾರಾವಾಹಿಯ ಹಾಗೆಯೇ, ಆದರೆ ಓದುಗ ಒಬ್ಬನೇ, ಅದೂ ಸಮುದ್ರದಾಚೆ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಮಗ ಯುದ್ಧದಿಂದ ಹಿಂತಿರುಗುತ್ತಾನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಆ ತಂದೆ ಮತ್ತೇನು ತಾನೇ ಕಳಿಸಬಲ್ಲರು!

ಇನ್ನು ರೇನರ್. ಅವನೂ ದೊಡ್ಡವನಾಗಿ ತಂದೆಯ ಪ್ರಕಾಶನದಲ್ಲೇ ಕೆಲಸಕ್ಕೆ ನಿಂತಿದ್ದ. 1952ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಆ ದೈತ್ಯ ಹಸ್ತಪ್ರತಿಯನ್ನು ತಾನೇ ತಂದ. ಯುದ್ಧಾನಂತರದ ಕಾಲ, ಕಾಗದಕ್ಕೆ ಬೆಂಕಿ ಬೆಲೆ. ಇದನ್ನು ಅಚ್ಚುಹಾಕಿದರೆ ಸಾವಿರ ಪೌಂಡ್ ನಷ್ಟವಾಗಬಹುದು, ಆದರೆ ಇದು ಮಹಾಕೃತಿ ಎಂದು ಪರದೇಶ ಪ್ರವಾಸದಲ್ಲಿದ್ದ ತಂದೆಗೆ ತಿಳಿಸಿದ. ನಿನಗೆ ಹಾಗೆಂದು ನಂಬಿಕೆಯಿದ್ದರೆ ಸಾವಿರ ಪೌಂಡ್ ಕಳೆದುಕೋ ಎಂದು ತಂದೆಯ ಉತ್ತರ ಬಂತು. ಮೂರು ಸಂಪುಟವಾಗಿ 1954 ಮತ್ತು 1955ರಲ್ಲಿ 'ದ ಲಾರ್ಡ್ ಆಫ್ ದ ರಿಂಗ್ಸ್' ಪ್ರಕಟವಾಯಿತು. ನಷ್ಟವೇನೂ ಆಗಲಿಲ್ಲವೆಂದು ಬೇರೆ ಹೇಳಬೇಕೇ? ಒಂದು ಶಿಲಿಂಗ್ ಕೊಟ್ಟು ಕೇಳಿದ ಅಭಿಪ್ರಾಯವನ್ನು ಹದಿನಾರು ವರ್ಷದ ಮೇಲೆ ಸಾವಿರ ಪೌಂಡ್ ಕೊಟ್ಟು ಕೇಳಿದ ಆ ತಂದೆಯ ಎದೆಗಾರಿಕೆ ನನ್ನಲ್ಲಿಲ್ಲ. ನಾನು ಪೆಟ್ಟಿಗೆ ತರುವ ಮೊದಲು ಮೊಮ್ಮಗಳನ್ನು ಒಂದು ಮಾತೂ ಕೇಳಿರಲಿಲ್ಲ.

ಅಮೆರಿಕದ ಕಾಲೇಜು ಹುಡುಗರು ಈ ಕಥೆಗೆ ಮರುಳಾದದ್ದು 1965ರಲ್ಲಿ, ಅಗ್ಗದ ಆವೃತ್ತಿ ಬಂದ ಮೇಲೆ. ಮೊದಲು ಬಂದದ್ದು ಲೇಖಕರ ಅನುಮತಿಯೇ ಇಲ್ಲದೆ ಅಚ್ಚಾದ ಪುಸ್ತಕ, ಬೆಲೆ 75 ಸೆಂಟ್. ಟೋಲ್ಕಿನ್ ತಮಗೆ ಬಂದ ಓದುಗರ ಕಾಗದಗಳಿಗೆಲ್ಲ ಉತ್ತರಿಸುವಾಗ ಈ ಅನ್ಯಾಯದ ಸಂಗತಿ ಬರೆದು, ಗೆಳೆಯರಿಗೂ ತಿಳಿಸಿ ಎಂದು ಕೇಳಿಕೊಂಡರು. ಸುದ್ದಿ ಹಬ್ಬಿತು. ಕೊನೆಗೆ ಆ ಪ್ರಕಾಶಕರು ಅವರಿಗೆ ಗೌರವಧನ ಕೊಡಬೇಕಾಯಿತು.

ಹ್ಯಾರಿ ಪಾಟರ್ ಕಥೆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು, ಚುಟುಕಾಗಿ ಹೇಳುತ್ತೇನೆ. ಹಲವು ಪ್ರಕಾಶಕರು ಬೇಡವೆಂದ ಆ ಹಸ್ತಪ್ರತಿಯ ಮೊದಲ ಭಾಗವನ್ನು 'ಬ್ಲೂಮ್ಸ್‌ಬರಿ' ಸಂಸ್ಥೆಯ ಮುಖ್ಯಸ್ಥರು ಮನೆಗೆ ಒಯ್ದು ಎಂಟು ವರ್ಷದ ಮಗಳಿಗೆ ಕೊಟ್ಟರು. ಓದಿ ಮುಗಿಸಿದವಳೇ ಕೆಳಗಿಳಿದು ಬಂದು, ಉಳಿದದ್ದೆಲ್ಲಿ ಎಂದು ಕೇಳಿದಳಂತೆ. 1997ರ ಜೂನ್ 26ರಂದು ಮೊದಲ ಪುಸ್ತಕ ಬಂದಾಗ ಗಟ್ಟಿ ರಟ್ಟಿನ ಪ್ರತಿ ಅಚ್ಚಾದದ್ದು ಬರೀ 500. ಅವುಗಳಲ್ಲಿ ಬಹುಪಾಲು ಗ್ರಂಥಾಲಯಗಳಿಗೆ ಹೋದವು. ಹಾಗಾಗಿ ಅದರ ಮೊದಲ ಓದುಗರಲ್ಲಿ ಎಷ್ಟೋ ಮಕ್ಕಳು ಅದನ್ನು ಕೊಂಡವರಲ್ಲ, ಎರವಲು ತಂದವರು. ಅಜ್ಜಿಯರಿಗಾಗಿ ಇನ್ನೊಂದು ಮಾತು: ಬರೆದವರು ಹೆಂಗಸೆಂದು ತಿಳಿದರೆ ಗಂಡುಹುಡುಗರು ಓದಲಿಕ್ಕಿಲ್ಲವೆಂದು ಪ್ರಕಾಶಕರು ಲೇಖಕಿಗೆ ಇನಿಷಿಯಲ್ ಹಾಕಿಕೊಳ್ಳಲು ಹೇಳಿದರು. ಜೋನ್ ರೌಲಿಂಗ್‌ಗೆ ನಡುವಿನ ಹೆಸರೇ ಇರಲಿಲ್ಲ. ತಂದೆಯ ತಾಯಿ ಕ್ಯಾಥ್ಲೀನ್ ಅವರ ಹೆಸರನ್ನು ಸೇರಿಸಿ ಜೆ. ಕೆ. ಆದರು.

ಇಷ್ಟೆಲ್ಲ ಓದಿದ ಮೇಲೆ ನಾನೊಂದು ಉಪಾಯ ಮಾಡಿದೆ. ಒಂದು ರೂಪಾಯಿಯ ನಾಣ್ಯವನ್ನು ಅವಳ ಮುಂದಿಟ್ಟು, ಆ ಹರಕಲು ಪುಸ್ತಕದ ಬಗ್ಗೆ ವರದಿ ಬರೆದುಕೊಡು ಎಂದೆ. "ಒಂದು ರೂಪಾಯಿಗೆ ಚಾಕ್ಲೇಟೂ ಬರಲ್ಲ" ಎಂದಳು. ಚೌಕಾಸಿ ನಡೆದು ಹತ್ತಕ್ಕೆ ಒಪ್ಪಂದವಾಯಿತು. ಮಾರನೆಯ ದಿನ ನೋಟ್‌ಬುಕ್ಕಿನ ಹಾಳೆ ಬಂತು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಗೋಡೆಯ ಮೇಲಿನ ಹಡಗಿನ ಚಿತ್ರದಲ್ಲಿ ಅಲೆಗಳು ಅಲುಗಾಡಿ, ನೀರು ಕೋಣೆಗೇ ನುಗ್ಗಿ, ಮಕ್ಕಳು ಚಿತ್ರದೊಳಕ್ಕೇ ಬಿದ್ದುಬಿಡುವುದು ತನಗೆ ಬಹಳ ಇಷ್ಟವಾಯಿತಂತೆ. ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದಳು: ತಾತ ಇದನ್ನು ಓದಬೇಕು.

ನಾನು ಲೆಕ್ಕದ ಮೇಷ್ಟ್ರು, ಒಂದರಿಂದಲೇ ಶುರುಮಾಡುತ್ತೇನೆ ಎಂದೆ. ಬೇಡ, ಐದರಿಂದಲೇ ಓದು ಎಂದಳು. ಇದೂ ಹಳೆಯ ಜಗಳವೇ. 1950ರಿಂದ 1956ರವರೆಗೆ ಬಂದ ಈ ಏಳು ಪುಸ್ತಕಗಳು ಪ್ರಕಟವಾದ ಕ್ರಮ ಬೇರೆ, ಕಥೆ ನಡೆಯುವ ಕಾಲದ ಕ್ರಮ ಬೇರೆ. ಹಡಗಿನ ಕಥೆ ಪ್ರಕಟಣೆಯಲ್ಲಿ ಮೂರನೆಯದು, ಕಾಲದ ಲೆಕ್ಕದಲ್ಲಿ ಐದನೆಯದು. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಇದೇ ವಿಷಯಕ್ಕೆ ಅಮ್ಮನೊಂದಿಗೆ ವಾದ ಮಾಡಿದ್ದ. ಆ ವಾದಕ್ಕೆ ಉತ್ತರವಾಗಿ ಲೂಯಿಸ್ ಅವನಿಗೆ ಬರೆದ ಕಾಗದ ಉಳಿದಿದೆ. ಅಮ್ಮನಿಗಿಂತ ನಿನ್ನ ಕ್ರಮವೇ ಸರಿಯೆನ್ನಿಸುತ್ತದೆ, ಆದರೂ ಯಾವುದರಿಂದ ಓದಿದರೂ ಅಂಥ ವ್ಯತ್ಯಾಸವಿಲ್ಲವೇನೋ ಎಂದಿದ್ದಾರೆ ಲೂಯಿಸ್. ಲೇಖಕರೇ ಹಾಗೆಂದ ಮೇಲೆ ನಾನು ಸೋತೆ.

ಅವರೇ ಮೊದಲ ಪುಸ್ತಕವನ್ನು ಲೂಸಿ ಎಂಬ ಸಾಕುಮಗಳಂಥ ಹುಡುಗಿಗೆ ಅರ್ಪಿಸುತ್ತಾ, ನಾನು ಬರೆದು ಮುಗಿಸುವಷ್ಟರಲ್ಲಿ ನೀನು ಇಂಥ ಕಥೆಗಳ ವಯಸ್ಸು ದಾಟಿಬಿಟ್ಟೆ, ಮುಂದೊಂದು ದಿನ ಮತ್ತೆ ಓದುವಷ್ಟು ದೊಡ್ಡವಳಾಗುತ್ತೀ ಎಂಬರ್ಥದ ಮಾತು ಬರೆದಿದ್ದಾರೆ. ಎಪ್ಪತ್ತೆರಡರಲ್ಲಿ ನಾನೂ ಆ ದೊಡ್ಡತನಕ್ಕೆ ಬಂದಿದ್ದೇನೆ ಎಂದುಕೊಂಡೆ.

ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನು ಕುಂಕುಮ ಸಮೇತ ನಾನೇ ಹರಿದೆ. ಈಗ ಅದರಲ್ಲಿ ಇರುವುದು ನಾಲ್ಕೇ ಪುಸ್ತಕ. ಎರಡು ಅವಳ ತರಗತಿಯ ಯಾರ ಮನೆಯಲ್ಲಿವೆಯೋ ಕಾಣೆ. ಒಂದು ಸಲ ಹೋಗಿಬಂದ ಪುಸ್ತಕದ ಮೇಲೆ ಸಾರಿನ ಕಲೆಯೂ ಇದೆ. ಐದನೆಯದು ನನ್ನ ದಿಂಬಿನ ಪಕ್ಕ. ಕಣ್ಣಿನ ಪೊರೆ ತೆಗೆಸಿಕೊಂಡು ಹೆಚ್ಚು ದಿನವಾಗಿಲ್ಲ, ಇಂಗ್ಲಿಷೂ ನಿಧಾನ, ದಿನಕ್ಕೆ ಆರೇಳು ಪುಟ ಸಾಗಿದರೆ ಹೆಚ್ಚು.

ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳುತ್ತಾಳೆ:

"ತಾತ, ಎಲ್ಲಿಗೆ ಬಂದೆ?"

"ಬಿರುಗಾಳಿ ಎದ್ದಿದೆ. ಹಡಗು ಇನ್ನೂ ನೀರಲ್ಲೇ ಇದೆ."

"ಡ್ರಾಗನ್ ಬಂತಾ?"

"ಇಲ್ವಲ್ಲೇ. ಯಾವ ಡ್ರಾಗನ್ನು?"

"ಹೇಳಲ್ಲ, ಹೋಗು," ಎನ್ನುತ್ತಾ ಪಕ್ಕದಲ್ಲಿ ಬಂದು ಕೂರುತ್ತಾಳೆ.