ನಿಮಗಿದು ಗೊತ್ತೇ? ಟೆಕ್ ದೈತ್ಯರನ್ನು ಕಟಕಟೆಗೆ ಎಳೆದವರು

ಖಾಸಗಿತನ ಪ್ರತಿಯೊಬ್ಬ ಭಾರತೀಯನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಇರುವುದು ಕನ್ನಡಿಗರೊಬ್ಬರ ಹೆಸರಿನಲ್ಲಿ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅವರು ಪ್ರಶ್ನಿಸಿದ್ದು ಸರ್ಕಾರವನ್ನು. ಆದರೆ ಇಂದು ಕಂಪನಿಗಳ ವಿರುದ್ಧ ನಾವು ಖಾಸಗಿತನದ ಮಾತೆತ್ತುವಾಗಲೂ ಆ ತೀರ್ಪೇ ತಳಪಾಯ.

‘ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ, ಕೊಡಿ’ ಎಂದು 2011ರಲ್ಲಿ ಫೇಸ್‌ಬುಕ್ಕನ್ನು ಕೇಳಿದ್ದು ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್. ಬಂದದ್ದು 1,222 ಪುಟ. ಅಳಿಸಿದ್ದೇನೆಂದು ಅವರು ನಂಬಿಕೊಂಡಿದ್ದ ಸಂದೇಶಗಳೂ ಅದರಲ್ಲಿದ್ದವು. ಯುರೋಪಿನವರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸುವುದು ತಪ್ಪೆಂದು 2013ರಲ್ಲಿ ಅವರು ಐರ್ಲೆಂಡಿನಲ್ಲಿ ದೂರು ಕೊಟ್ಟರು. ಅದರ ಬೆನ್ನು ಹತ್ತಿ ಯುರೋಪಿನ ನ್ಯಾಯಾಲಯ 2015ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ, ಎರಡು ಖಂಡಗಳ ನಡುವಿನ ಮಾಹಿತಿ ಸಾಗಣೆಯ ಒಪ್ಪಂದಗಳನ್ನೇ ರದ್ದು ಮಾಡಿತು. ಇದೇ ಸಾಗಣೆಗಾಗಿ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ ಮೇಲೆ 120 ಕೋಟಿ ಯೂರೊ ದಂಡ ಬಿದ್ದದ್ದು 2023ರ ಮೇ ತಿಂಗಳಲ್ಲಿ. ದೂರಿನಿಂದ ದಂಡಕ್ಕೆ ಹತ್ತು ವರ್ಷ.

ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಡ್ಜ್ ಅನಲಿಟಿಕಾ ಹಗರಣಕ್ಕೆ ಕಾರಣವಾದ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡಿದ್ದವರು ಬರೀ 335 ಮಂದಿ. ಆದರೆ ಮಾಹಿತಿ ಸೋರಿರಬಹುದಾದ ಭಾರತೀಯರು 5,62,455! ಎರಡೂ 2018ರಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ. ಗೆಳೆಯನೊಬ್ಬ ಒತ್ತಿದ ಗುಂಡಿಯಿಂದ ಅವನ ಪರಿಚಯದವರೆಲ್ಲರ ವಿವರವೂ ಹೊರಬಿತ್ತು.

ಆ ಹಗರಣಕ್ಕೆ ಬ್ರಿಟನ್ ಹಾಕಿದ ದಂಡ 5 ಲಕ್ಷ ಪೌಂಡ್. ಆಗಿನ ಕಾನೂನಿನಲ್ಲಿ ಅದೇ ಗರಿಷ್ಠ. ಅಮೆರಿಕ 2019ರಲ್ಲಿ 500 ಕೋಟಿ ಡಾಲರ್ ದಂಡ ಹಾಕಿತು. ದಂಡದ ಸುದ್ದಿ ಹೊರಬಿದ್ದ ದಿನ ಕಂಪನಿಯ ಷೇರಿನ ಬೆಲೆ ಇಳಿಯಲಿಲ್ಲ, ಏರಿತು.

ವಾಟ್ಸ್ಆ್ಯಪ್ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಳ್ಳುವಾಗ, ಎರಡೂ ಕಡೆಯ ಖಾತೆಗಳನ್ನು ತಾನಾಗಿ ತಾಳೆ ಹಾಕುವುದು ತನ್ನಿಂದ ಆಗದು ಎಂದು ಯುರೋಪಿಯನ್ ಆಯೋಗಕ್ಕೆ ಹೇಳಿತ್ತು. ಎರಡೇ ವರ್ಷಕ್ಕೆ ನಿಯಮ ಬದಲಿಸಿ ತಾಳೆ ಹಾಕಲು ಹೊರಟಿತು. ಹಾಗೆ ಮಾಡುವುದು 2014ರಲ್ಲೇ ಸಾಧ್ಯವಿತ್ತು ಎಂಬುದು ಆಯೋಗಕ್ಕೆ ಗೊತ್ತಾಯಿತು. ದಾರಿ ತಪ್ಪಿಸಿದ್ದಕ್ಕೆ 2017ರಲ್ಲಿ 11 ಕೋಟಿ ಯೂರೊ ದಂಡ ಬಿತ್ತು, ಖರೀದಿ ಮಾತ್ರ ಖರೀದಿಯಾಗಿಯೇ ಉಳಿಯಿತು. 2021ರಲ್ಲಿ ನಮಗೆಲ್ಲ ಒಂದು ಸೂಚನೆ ಬಂದದ್ದು ನೆನಪಿರಬಹುದು: ಹೊಸ ಷರತ್ತು ಒಪ್ಪಿಕೊಳ್ಳಿ, ಇಲ್ಲದಿದ್ದರೆ ಬಿಡಿ. ಮಗಳ ಶಾಲೆಯ ಗುಂಪು, ಬೀದಿಯ ಅಂಗಡಿ, ಊರಿನ ನೆಂಟರು ಎಲ್ಲರೂ ಅಲ್ಲೇ ಇರುವಾಗ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಬೇರೆ ದಾರಿಯಿಲ್ಲದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಭಾರತೀಯ ಸ್ಪರ್ಧಾ ಆಯೋಗ ಹಿಡಿದದ್ದು ಇದೇ ಎಳೆಯನ್ನು. 2024ರ ನವೆಂಬರ್‌ನಲ್ಲಿ ಅದು ಮೆಟಾಗೆ ₹213.14 ಕೋಟಿ ದಂಡ ಹಾಕಿತು, ಜಾಹೀರಾತಿಗಾಗಿ ಮಾಹಿತಿ ಹಂಚುವುದನ್ನು ಐದು ವರ್ಷ ನಿಷೇಧಿಸಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ ನಿಷೇಧವನ್ನು ತೆಗೆದುಹಾಕಿತು. ನನ್ನ ಪ್ರಕಾರ ಉಳಿಯಬೇಕಿದ್ದುದು ನಿಷೇಧ.

ಬ್ರಿಟನ್ನಿನ ಶಿವಾನ್ ಮತ್ತು ಆಡಂ ರಾಫ್ ದಂಪತಿ 2006ರಲ್ಲಿ ‘ಫೌಂಡೆಮ್’ ಎಂಬ ಬೆಲೆ ಹೋಲಿಸುವ ಜಾಲತಾಣ ತೆರೆದರು. ಕೆಲವೇ ದಿನಗಳಲ್ಲಿ ಅದು ಗೂಗಲ್ ಹುಡುಕಾಟದ ಪುಟಗಳಲ್ಲಿ ಎಲ್ಲೋ ಕೆಳಗೆ ಹೂತುಹೋಯಿತು. ಅವರ ದೂರಿನಿಂದ ಮೊದಲಾದ ಯುರೋಪಿಯನ್ ಆಯೋಗದ ತನಿಖೆಯಲ್ಲಿ ಗೂಗಲ್‌ಗೆ 242 ಕೋಟಿ ಯೂರೊ ದಂಡವಾದದ್ದು 2017ರಲ್ಲಿ, ಯುರೋಪಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2024ರ ಸೆಪ್ಟೆಂಬರ್‌ನಲ್ಲಿ. ಫೌಂಡೆಮ್ 2016ರಲ್ಲೇ ಮುಚ್ಚಿತ್ತು. ದಂಡ ಎಷ್ಟೇ ಬಿದ್ದರೂ ದೊಡ್ಡ ಕಂಪನಿಗಳಿಗೆ ಲಾಭ ತಂದುಕೊಡುವುದು ಈ ವಿಳಂಬವೇ.

ಭಾರತದಲ್ಲಿ ಗೂಗಲ್‌ನ ಆಂಡ್ರಾಯ್ಡ್ ಹಿಡಿತದ ವಿರುದ್ಧ 2018ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟವರು ಮೂವರು ಯುವಜನರು, ಅವರಲ್ಲೊಬ್ಬರು ಆಗಿನ್ನೂ ಕಾನೂನು ವಿದ್ಯಾರ್ಥಿ. 2022ರ ಅಕ್ಟೋಬರ್‌ನಲ್ಲಿ ₹1,337.76 ಕೋಟಿ ದಂಡ ಬಿತ್ತು. ಆದರೆ ದಂಡಕ್ಕಿಂತ ದೊಡ್ಡ ಗೆಲುವು ಬಂದದ್ದು ಮುಂದಿನ ಜನವರಿಯಲ್ಲಿ: ಮೊದಲೇ ತುಂಬಿಸಬೇಕಾದ ಆ್ಯಪ್‌ಗಳನ್ನು ಫೋನ್ ತಯಾರಕರು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು, ಹುಡುಕಾಟಕ್ಕೆ ಯಾವ ಸೇವೆ ಬೇಕೆಂದು ಬಳಕೆದಾರರೇ ಹೇಳಬಹುದು ಎಂದು ಗೂಗಲ್ ಒಪ್ಪಿತು.

ಫೋನು, ಬ್ರೌಸರುಗಳಲ್ಲಿ ತನ್ನ ಹುಡುಕಾಟವೇ ಮೊದಲು ತೆರೆದುಕೊಳ್ಳಲಿ ಎಂದು ಗೂಗಲ್ 2021ರ ಒಂದೇ ವರ್ಷದಲ್ಲಿ ತೆತ್ತದ್ದು 2,630 ಕೋಟಿ ಡಾಲರ್. ಅದು ಕಾನೂನುಬಾಹಿರ ಏಕಸ್ವಾಮ್ಯ ಎಂದು 2024ರ ಆಗಸ್ಟ್‌ನಲ್ಲಿ ತೀರ್ಪಿತ್ತವರು ಗುಜರಾತಿನ ಪಾಟಣದಲ್ಲಿ ಹುಟ್ಟಿದ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ. ಕ್ರೋಮ್ ಬ್ರೌಸರನ್ನು ಮಾರಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು ಮಾತ್ರ ಅವರು ಒಪ್ಪಲಿಲ್ಲ. ಅಲ್ಲಿಯೇ ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಖರೀದಿಗಳ ಕುರಿತ ಇನ್ನೊಂದು ಮೊಕದ್ದಮೆಯಲ್ಲಿ 2025ರ ನವೆಂಬರ್‌ನಲ್ಲಿ ಮೆಟಾ ಗೆದ್ದಿತು.

ದಂಡದ ಹಣ ಯಾರಿಗೆ? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಅನುಮತಿಯಿಲ್ಲದೆ ಮುಖಚಹರೆ ದಾಖಲಿಸಿದರೆ ಸಾಮಾನ್ಯ ಪ್ರಜೆಯೇ ಕಂಪನಿಯ ಮೇಲೆ ದಾವೆ ಹೂಡಬಹುದು. ಹಾಗಾಗಿ ಫೇಸ್‌ಬುಕ್ ಅಲ್ಲಿ 65 ಕೋಟಿ ಡಾಲರ್ ಕೊಟ್ಟಿತು, ಪರಿಹಾರ ಕೋರಿದವರ ಕೈಗೇ ಚೆಕ್ ಬಂತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗರಿಷ್ಠ ದಂಡ ₹250 ಕೋಟಿ. ಅದೆಲ್ಲ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಐಟಿ ಕಾಯ್ದೆಯ 43ಎ ಕಲಮನ್ನೂ ಇದು ತೆಗೆದುಹಾಕುತ್ತದೆ. ಸುಳ್ಳು ದೂರು ಕೊಟ್ಟ ಬಳಕೆದಾರರಿಗೆ ₹10,000ದವರೆಗೆ ದಂಡವೂ ಇದೆ. ಪೆಟ್ಟು ತಿಂದವರನ್ನೇ ಮರೆತ ಕಾಯ್ದೆಯನ್ನು ಸಂಸತ್ತು ತಿದ್ದಲೇಬೇಕು.

ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಕಂಪನಿ ನಿಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿಯ ವಿವರವನ್ನು ಕೇಳುವ ಹಕ್ಕು ಆಗ ನಿಮ್ಮದಾಗುತ್ತದೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಈಗಾಗಲೇ ಇದೆ. ಒಮ್ಮೆ ಇಳಿಸಿಕೊಂಡು ಓದಿ ನೋಡಿ.

ಕೊನೆಯದಾಗಿ ಇನ್ನೊಂದು ವಿಷಯ. ಓಲಾ ಮತ್ತು ಉಬರ್ ದರ ನಿಗದಿಯ ವಿರುದ್ಧ ಸಲ್ಲಿಕೆಯಾದ ಪ್ರಕರಣ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಾಲಯ ಒಂದು ಮಾತು ಸ್ಪಷ್ಟಪಡಿಸಿತು: ಸ್ಪರ್ಧಾ ಆಯೋಗಕ್ಕೆ ಮಾಹಿತಿ ಕೊಡಲು ಸ್ವತಃ ನಷ್ಟ ಅನುಭವಿಸಿರಬೇಕಿಲ್ಲ, ಯಾವ ವ್ಯಕ್ತಿ ಬೇಕಾದರೂ ಕೊಡಬಹುದು. ನಿಮ್ಮ ಕಣ್ಣಿಗೆ ಇಂಥ ಅನ್ಯಾಯ ಬಿದ್ದರೆ ಪುರಾವೆ ಜೋಡಿಸಿಕೊಂಡು ಆಯೋಗದ ಬಾಗಿಲು ತಟ್ಟಿ.