ಕರೆಯದೆ ಬಂದ ನೆಂಟ

1896ರ ಆಗಸ್ಟ್ 29. ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ ಹದಿನಾರು ವರ್ಷದ ಹುಡುಗ ವೆಂಕಟರಾಮನ್ ಒಂದು ಚೀಟಿ ಬರೆದಿಟ್ಟು ಮನೆ ಬಿಟ್ಟ. ಅಣ್ಣನ ಕಾಲೇಜು ಫೀಸಿಗೆಂದು ಕೈಗೆ ಬಂದಿದ್ದ ಐದು ರೂಪಾಯಿಯಲ್ಲಿ ಮೂರನ್ನು ರೈಲಿಗೆ ಇಟ್ಟುಕೊಂಡು, ಎರಡನ್ನು ಚೀಟಿಯ ಜೊತೆಗೇ ಬಿಟ್ಟ. ಫೀಸು ಇನ್ನೂ ಕಟ್ಟಿಲ್ಲ ಎಂದು ತಿಳಿಸುವುದನ್ನೂ ಮರೆಯಲಿಲ್ಲ. ಆದರೆ ಆ ಚೀಟಿ ಇವತ್ತಿಗೂ ಚರ್ಚೆಯಲ್ಲಿರುವುದಕ್ಕೆ ಕಾರಣ ಬೇರೆ. ಮೊದಲ ವಾಕ್ಯದಲ್ಲಿ ಹೊರಟವನು ‘ನಾನು’. ಮುಂದಿನ ವಾಕ್ಯಕ್ಕೆ ಬರುವಷ್ಟರಲ್ಲಿ ಆ ‘ನಾನು’ ಹೋಗಿ ‘ಇದು’ ಬಂದಿದೆ. ‘ಇದನ್ನು’ ಹುಡುಕಲು ಯಾರೂ ದುಡ್ಡು ಖರ್ಚು ಮಾಡಬೇಕಿಲ್ಲ. ಸಹಿ ಇರಬೇಕಾದ ಜಾಗದಲ್ಲಿ ಹೆಸರೇ ಇಲ್ಲ, ಬರೀ ಒಂದು ಗೆರೆ.

ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ಸೇರಿದ ಈ ಹುಡುಗನೇ ಮುಂದೆ ರಮಣ ಮಹರ್ಷಿ. ಮನೆ ಬಿಡುವುದಕ್ಕೆ ಆರೇಳು ವಾರ ಮುಂಚೆ ಅವನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹೊಕ್ಕಿತ್ತು. ಮೈಯಲ್ಲಿ ಕಾಯಿಲೆಯೇನೂ ಇರಲಿಲ್ಲ. ಯಾರನ್ನೂ ಕೂಗಿ ಕರೆಯದೆ ಹೆಣದಂತೆ ಕೈಕಾಲು ಸೆಟೆಸಿ ಮಲಗಿ, ತುಟಿ ಬಿಗಿದು, ಉಸಿರು ಹಿಡಿದು, ಸಾಯುವುದಾದರೆ ಸಾಯುವುದು ಯಾವುದು ಎಂದು ಪರೀಕ್ಷಿಸಿದ. ದೇಹ ಹೋದರೂ ‘ನಾನು’ ಎಂಬ ಅರಿವು ಅದರ ಜೊತೆ ಹೋಗುವುದಿಲ್ಲ ಎಂದು ಅವನಿಗೆ ಕಂಡಿತು.

ಅಹಂಕಾರ ಬಿಡಿ, ಈ ಕ್ಷಣದಲ್ಲಿ ಬದುಕಿ ಎಂಬ ಉಪದೇಶ ಈಗ ವಾಟ್ಸ್ಆ್ಯಪ್‌ನಲ್ಲೂ ಕಂಪನಿಗಳ ತರಬೇತಿ ಶಿಬಿರಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಹಿಂದೂ ದರ್ಶನಗಳೆಲ್ಲ ಒಕ್ಕೊರಲಿನಿಂದ ಇದನ್ನೇ ಹೇಳಿವೆ ಎಂಬ ಧಾಟಿಯೂ ಅದರಲ್ಲಿರುತ್ತದೆ. ದರ್ಶನಕಾರರು ಕೇಳಿದರೆ ನಕ್ಕಾರು. ‘ಈಗ’ ಎಂಬುದು ಇದೆಯೇ, ‘ನಾನು’ ಎಂಬುದು ಇದೆಯೇ ಎಂಬ ಎರಡು ಪ್ರಶ್ನೆಗಳ ಮೇಲೂ ಅವರು ಶತಮಾನಗಟ್ಟಲೆ ಜಗಳವಾಡಿದ್ದಾರೆ.

ಮೊದಲು ‘ಈಗ’ದ ಜಗಳ. ಗೌತಮನ ನ್ಯಾಯಸೂತ್ರದಲ್ಲಿ ಒಬ್ಬ ಪ್ರತಿವಾದಿ ತೊಟ್ಟು ಕಳಚಿ ಬೀಳುತ್ತಿರುವ ಹಣ್ಣನ್ನು ತೋರಿಸುತ್ತಾನೆ. ಅದು ಬಿದ್ದಷ್ಟು ದೂರ ಭೂತಕಾಲಕ್ಕೆ ಸೇರಿತು, ಇನ್ನು ಬೀಳಬೇಕಾದಷ್ಟು ದೂರ ಭವಿಷ್ಯಕ್ಕೆ. ನಡುವೆ ಮೂರನೆಯ ದೂರವೇ ಇಲ್ಲದ ಮೇಲೆ ವರ್ತಮಾನ ಎಲ್ಲಿಂದ ಬಂತು? ಘಾಟಿ ಪ್ರಶ್ನೆ. ಗೌತಮನ ಉತ್ತರವೂ ಅಷ್ಟೇ ಚುರುಕು: ವರ್ತಮಾನವನ್ನು ತೆಗೆದುಹಾಕಿದರೆ ಹಿಂದಿನದು, ಮುಂದಿನದು ಎನ್ನುವುದಕ್ಕೂ ಆಧಾರವಿಲ್ಲ, ಮೂರೂ ಒಟ್ಟಿಗೇ ಹೋಗುತ್ತವೆ. ಕಣ್ಣೆದುರಿನ ವಸ್ತುವನ್ನು ಕಾಣುವುದಕ್ಕೂ ಆಗ ಅವಕಾಶವಿರುವುದಿಲ್ಲ.

ಈ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ವಾದವನ್ನು ಅಡುಗೆಮನೆಗೇ ಎಳೆದು ತರುತ್ತಾನೆ. ‘ಅಡುಗೆ ಮಾಡುತ್ತಿದ್ದಾನೆ’ ಎಂದರೆ ಏನು? ಒಲೆಯ ಮೇಲೆ ಪಾತ್ರೆ ಇಡಬೇಕು, ನೀರು ಹೊಯ್ಯಬೇಕು, ಅಕ್ಕಿ ಹಾಕಬೇಕು. ಸೌದೆ ಒಳಗೆ ತಳ್ಳಿ ಉರಿ ಹೆಚ್ಚಿಸಬೇಕು, ಸೌಟಿನಿಂದ ತಿರುವಬೇಕು, ಗಂಜಿ ಬಸಿಯಬೇಕು, ಕೊನೆಗೆ ಪಾತ್ರೆ ಕೆಳಗಿಳಿಸಬೇಕು. ಇಷ್ಟೂ ಸೇರಿದ್ದು ಒಂದು ವರ್ತಮಾನ. ಇಲ್ಲಿನ ‘ಈಗ’ಕ್ಕೆ ಅನ್ನ ಬೇಯುವಷ್ಟು ಅಗಲವಿದೆ. ಕೈಗೆತ್ತಿಕೊಂಡ ಕೆಲಸ ಎಷ್ಟು ಉದ್ದವೋ ‘ಈಗ’ವೂ ಅಷ್ಟು ಉದ್ದ.

ಪತಂಜಲಿಯ ಯೋಗಸೂತ್ರಗಳಿಗಿರುವ ವ್ಯಾಸಭಾಷ್ಯ ಇದಕ್ಕೆ ತೀರಾ ಉಲ್ಟಾ. ಒಂದು ಪರಮಾಣು ತಾನಿದ್ದ ಜಾಗ ಬಿಟ್ಟು ಪಕ್ಕದ ಜಾಗ ಸೇರಲು ಹಿಡಿಯುವ ಹೊತ್ತೇ ಕ್ಷಣ. ಎರಡು ಕ್ಷಣಗಳು ಒಟ್ಟಿಗೆ ಇರಲಾರವು. ಹಾಗಾಗಿ ಮುಹೂರ್ತ, ಹಗಲು, ರಾತ್ರಿ ಎಂಬ ಗಂಟುಗಳೆಲ್ಲ ಬುದ್ಧಿ ಕಟ್ಟಿಕೊಂಡವು. ನಿಜವಾಗಿ ಇರುವುದು ಒಂದೇ ಒಂದು ಕ್ಷಣ, ಇಡೀ ಜಗತ್ತು ಬದಲಾಗುವುದೂ ಅದರಲ್ಲೇ. ವೈಶೇಷಿಕರಿಗೆ ಇದೂ ಒಪ್ಪಿಗೆಯಿಲ್ಲ. ಅವರ ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಮಣ್ಣು, ನೀರಿನಂತೆ ಕಾಲವೂ ಒಂದು. ಈ ಕ್ಷಣದಲ್ಲಿ ಬದುಕಿ ಎನ್ನುವವರು ಯಾರ ಕ್ಷಣದಲ್ಲಿ ಎಂದೂ ಹೇಳಬೇಕಾಗುತ್ತದೆ.

‘ನಾನು’ ಎಂಬುದರ ಕಥೆಯೂ ಇಷ್ಟೇ ಗೋಜಲು. ಸಾಂಖ್ಯರ ಅಹಂಕಾರಕ್ಕೂ ಊರ ಗೌಡರ ಜಂಬಕ್ಕೂ ಸಂಬಂಧವಿಲ್ಲ. ಪ್ರಕೃತಿಯಿಂದ ಬುದ್ಧಿ, ಬುದ್ಧಿಯಿಂದ ಅಹಂಕಾರ, ಅದರಿಂದ ಮನಸ್ಸು ಮತ್ತು ಇಂದ್ರಿಯಗಳು: ಸೃಷ್ಟಿಯ ಇಪ್ಪತ್ತೈದು ತತ್ತ್ವಗಳಲ್ಲಿ ಅದೂ ಒಂದು. ಎಷ್ಟೇ ವಿನಯವಂತನಾದರೂ ‘ಇದು ನನಗಾಯಿತು’ ಎನ್ನುವಾಗ ಅಲ್ಲಿ ಅದು ಇದ್ದೇ ಇರುತ್ತದೆ. ಶಂಕರರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಕೊಡುವ ಉದಾಹರಣೆಗಳು ದಿನಬಳಕೆಯವು. ದೇಹ ದಪ್ಪಗಾದರೆ ನಾನು ದಪ್ಪ, ಕಣ್ಣು ಹೋದರೆ ನಾನು ಕುರುಡ, ಹೆಂಡತಿ ಮಕ್ಕಳಿಗೆ ತೊಂದರೆಯಾದರೆ ನನಗೇ ತೊಂದರೆ. ಒಂದರ ಗುಣವನ್ನು ಇನ್ನೊಂದರ ಮೇಲೆ ಹೊರಿಸುವ ಈ ಅಧ್ಯಾಸದಲ್ಲೇ ಲೋಕವ್ಯವಹಾರವೆಲ್ಲ ನಡೆದಿದೆ ಎನ್ನುತ್ತಾರೆ ಅವರು.

ರಮಣರು ಈ ಎರಡು ಎಳೆಗಳನ್ನು ಒಂದೇ ಕಡೆ ಗಂಟು ಹಾಕಿದರು. 1928ರಲ್ಲಿ ಅವರು ತಮಿಳಿನಲ್ಲಿ ರಚಿಸಿದ ‘ಉಳ್ಳದು ನಾರ್ಪದು’ ಕೃತಿಯಲ್ಲಿ ಕಾಲದ ಮಾತು ಬರುತ್ತದೆ. ಕಳೆದುಹೋದದ್ದು ನಡೆಯುವಾಗ ಅದೂ ವರ್ತಮಾನವೇ, ಬರಲಿರುವುದು ಬಂದಾಗ ಅದೂ ವರ್ತಮಾನವೇ. ನಿನ್ನೆ, ನಾಳೆ ಎಂದು ವಿಂಗಡಿಸುವುದಕ್ಕೆ ನಡುವೆ ಒಬ್ಬ ‘ನಾನು’ ನಿಂತಿರಬೇಕು. ಅವನು ಯಾರೆಂದು ಹುಡುಕುವುದೇ ಅವರು ತೋರಿದ ದಾರಿ. 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಎಂಬವರು ಇದನ್ನೇ ಕೇಳಿದಾಗ ರಮಣರು ಮಾತಾಡುತ್ತಿರಲಿಲ್ಲ, ಉತ್ತರವೆಲ್ಲ ಬರಹದಲ್ಲೇ. ಅದು 1923ರಲ್ಲಿ ‘ನಾನ್ ಯಾರ್’ ಎಂಬ ಪುಟ್ಟ ಪುಸ್ತಕವಾಗಿ ಅಚ್ಚಾಯಿತು.

ಅಹಂಕಾರವನ್ನು ಕೊಲ್ಲುವುದು ಹೇಗೆ ಎಂದು ಕೇಳಿದವರಿಗೆ ರಮಣರು ಒಂದು ಮದುವೆಮನೆಯ ಕಥೆ ಹೇಳುತ್ತಿದ್ದರು. ಯಾರ ಕಡೆಯವನೂ ಅಲ್ಲದ ಒಬ್ಬ ಠೀವಿಯಿಂದ ಒಳಗೆ ಬಂದ. ಗಂಡಿನ ಕಡೆಯವರು ಅವನನ್ನು ಹೆಣ್ಣಿನ ಕಡೆಯವನೆಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದುಕೊಂಡರು. ಎರಡೂ ಕಡೆಯಿಂದ ಉಪಚಾರ. ಕೊನೆಗೆ ಅನುಮಾನ ಬಂದು ‘ಇವನು ಯಾರು’ ಎಂಬ ವಿಚಾರಣೆ ಶುರುವಾಯಿತು. ಅಷ್ಟರಲ್ಲಿ ಆಸಾಮಿ ನಾಪತ್ತೆ. ಯಾರೂ ಅವನನ್ನು ಹೊಡೆಯಲಿಲ್ಲ, ಹೊರಗೆ ದಬ್ಬಲೂ ಇಲ್ಲ.

‘ನಾನು’ ಹೋದರೆ ನಾಳೆಯ ಕೆಲಸದ ಗತಿ? ಈ ಅಳುಕಿಗೆ ರಮಣರ ದಿನಚರಿಯಲ್ಲಿ ಉತ್ತರ ಸಿಗುತ್ತದೆ. ವರ್ಷಗಟ್ಟಲೆ ಅವರು ಬೆಳಗಾಗುವ ಮುಂಚೆಯೇ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು. ಒಂದು ಕಾಳು ಹಾಳಾದರೂ ಸಹಿಸುತ್ತಿರಲಿಲ್ಲ. ಪ್ರೂಫ್ ತಿದ್ದುತ್ತಿದ್ದರು, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು. ವಾತ್ಸ್ಯಾಯನನ ‘ಈಗ’ ಅಲ್ಲಿ ಸೌಟು ಹಿಡಿದು ನಿಂತಿತ್ತು ಎನ್ನಲು ಅಡ್ಡಿಯಿಲ್ಲ.

ಆದರೆ ‘ನಾನು’ ಎಂಬ ಈ ಕರೆಯದೆ ಬಂದ ನೆಂಟನನ್ನು ಮನೆಯವನೇ ಎಂದು ವಾದಿಸಿದವರೂ ದೊಡ್ಡವರೇ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಶಂಕರರ ಹಾದಿಯ ಅದ್ವೈತಿಗಳನ್ನು ನೇರವಾಗಿ ಕೆಣಕುತ್ತಾರೆ: ಮೋಕ್ಷದಲ್ಲಿ ‘ನಾನು’ ಇಲ್ಲವಾಗುತ್ತೇನೆ ಎಂದು ಗೊತ್ತಾದರೆ, ಮೋಕ್ಷದ ಸುದ್ದಿ ಬಂದ ಕಡೆಯಿಂದಲೇ ಮನುಷ್ಯ ಎದ್ದು ಹೋಗುತ್ತಾನೆ. ದೇಹವನ್ನೇ ನಾನೆನ್ನುವುದು ತಪ್ಪು, ನಿಜ. ‘ನಾನು’ ಎಂದು ತೋರುವ ಆತ್ಮವೇ ಸುಳ್ಳೆನ್ನುವುದನ್ನು ಅವರು ಒಪ್ಪುವುದಿಲ್ಲ. ಉಡುಪಿಯ ಮಧ್ವರು ಇನ್ನೂ ಮುಂದೆ ಹೋದರು. ಅವರ ಮತದಲ್ಲಿ ಪ್ರತಿ ಜೀವದೊಳಗೂ ಸಾಕ್ಷಿ ಎಂಬ ಅರಿಯುವ ಶಕ್ತಿಯಿದೆ. ಸುಖದುಃಖಗಳನ್ನಷ್ಟೇ ಅಲ್ಲ, ಕಾಲವನ್ನೂ ಅದು ನೇರವಾಗಿ ಅರಿಯುತ್ತದೆ.

ಎರಡೂ ಪಕ್ಷ ಸಾಕ್ಷ್ಯಕ್ಕೆ ಕರೆಯುವುದು ಗಾಢ ನಿದ್ರೆಯನ್ನೇ. ಎದ್ದವನು ‘ಇಷ್ಟು ಹೊತ್ತು ನಾನು ಸುಖವಾಗಿ ಮಲಗಿದ್ದೆ’ ಎನ್ನುತ್ತಾನೆ. ಕಂಡಿರಾ, ನಿದ್ರೆಯಲ್ಲೂ ‘ನಾನು’ ಇತ್ತು, ಹೊತ್ತು ಹೋದದ್ದೂ ಅದಕ್ಕೆ ಗೊತ್ತು ಎನ್ನುತ್ತಾರೆ ಮಧ್ವರ ಹಾದಿಯ ದ್ವೈತಿಗಳು. ನಿದ್ರೆಯಲ್ಲಿ ಅರಿವು ಮಾತ್ರ ಇತ್ತು, ‘ನಾನು’ ಎಂಬ ಲೇಬಲ್ಲು ಅಂಟಿದ್ದು ಎದ್ದ ಮೇಲೆ ಎನ್ನುತ್ತಾರೆ ಅದ್ವೈತಿಗಳು. ಒಂದೇ ಸಾಕ್ಷಿಯ ಒಂದೇ ಹೇಳಿಕೆ ಎರಡೂ ಕಡೆಯ ವಕೀಲರಿಗೆ ಸಲ್ಲುತ್ತದೆ. ಹೀಗಾಗಿ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ.